ಹದಿನೇಳನೆಯ ತುಂಡು

ಬಾದ್ರಿ ತೀರಿಕೊಂಡು ವರ್ಷ ತುಂಬಿದ್ದರ ಊಟ ಮುಗಿದು ಮೂರು ದಿನವಾಗಿತ್ತು. ಎರವಲು ತಂದಿದ್ದ ಬೆಂಚುಗಳನ್ನು ನೆರೆಯವರು ಹೊತ್ತುಕೊಂಡು ಹೋಗಿದ್ದರು. ದ್ರಾಕ್ಷಿ ಚಪ್ಪರದ ಕೆಳಗೆ ಅವುಗಳ ಕಾಲಿನ ಗುರುತು ಉಳಿದಿತ್ತು. ಬಾದ್ರಿಯ ಹೆಂಡತಿ ಮಾಕಾ ಇನ್ನೂ ಕಪ್ಪು ಉಡುಪಿನಲ್ಲೇ ಇದ್ದಳು. ಅವಳನ್ನು ತವರಿಗೆ ಕರೆದೊಯ್ಯಲು ಅಣ್ಣ ಗೋಚಾ ಮಧ್ಯಾಹ್ನ ಕುತೈಸಿ ನಗರದಿಂದ ಕಾರು ತರುವವನಿದ್ದ. ಅವಳು ಬರುತ್ತೇನೆಂದೂ ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ. ಈ ಒಂದು ವರ್ಷ ಏನು ಕೇಳಿದರೂ ಹಾಗೆಯೇ.

ಅತ್ತೆ ಗುಲಿಕೊ ಬೆಳಿಗ್ಗೆಯೇ ಒಂದು ಹೇಂಟೆ ಕೊಯ್ದು, ಪುಕ್ಕ ಕಿತ್ತು, ಮಣೆಯ ಮೇಲಿಟ್ಟಳು.

"ಚಖೊಖ್ಬಿಲಿ ಸಾರು ಮಾಡು. ಹದಿನೇಳು ತುಂಡು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ಈಗ್ಯಾಕತ್ತೆ ಅದೆಲ್ಲ?"

"ನಿಂಗಿನ್ನೂ ಇಪ್ಪತ್ತೊಂಬತ್ತು. ನಾಳೆ ಇನ್ನೊಂದು ಮನೆ ಸೇರ್ತೀಯ. ಅಲ್ಲಿಯವ್ರು ತುಂಡು ಎಣಿಸಿ, ಆ ಗುಲಿಕೊ ಇವಳಿಗೆ ಏನೂ ಕಲಿಸಿಲ್ಲ ಅಂತ ಆಡ್ಕೋಬಾರ್ದು. ಹದಿನೇಳು ಮಾಡು, ನೆಮ್ಮದಿಯಾಗಿ ಕಳಿಸ್ತೀನಿ."

ಒಂದು ಕೋಳಿಯನ್ನು ಮೂಳೆ ಒಡೆಯದೆ ಕೀಲು ಕೀಲು ಬಿಡಿಸಿ ಹದಿನೇಳು ಮಾಡುವುದು ಆ ಸೀಮೆಯಲ್ಲಿ ಹೊಸ ಸೊಸೆಗೆ ಇಡುವ ಪರೀಕ್ಷೆ. ಮಾಕಾಳಿಗೆ ವಿಶ್ವವಿದ್ಯಾಲಯದ ಪದವಿ ಇತ್ತು, ಈ ಕೈಚಳಕ ಇರಲಿಲ್ಲ. ಮದುವೆಯಾದ ವಾರ ಗುಲಿಕೊ ಸೌಟಿನಿಂದ ಪಾತ್ರೆ ಕೆದಕಿ ಎಣಿಸಿದಾಗ ಹದಿನಾರೇ ಇದ್ದವು. ಬೆನ್ನು ಎರಡಾಗದೆ ಇಡಿಯಾಗಿಯೇ ಉಳಿದಿತ್ತು. ಬಾದ್ರಿ ಬಾಯಿ ಒರೆಸಿಕೊಂಡು, "ಒಂದು ನಾನೇ ತಿಂದೆ ಅಮ್ಮ, ತಡೆಯೋಕಾಗ್ಲಿಲ್ಲ" ಎಂದಿದ್ದ. ಅಂದಿನಿಂದ ಪ್ರತಿ ಸಲವೂ ಒಂದು ಕಮ್ಮಿ, ಪ್ರತಿ ಸಲವೂ ಅವನೇ ಕಳ್ಳ. "ಹೊಟ್ಟೆಬಾಕ, ಬೇಯೋವರ್ಗಾದ್ರೂ ತಡ್ಕೊಳ್ಳೋ!" ಎಂದು ಗುಲಿಕೊ ಸೌಟು ಎತ್ತುತ್ತಿದ್ದಳು.

ಇಂದು ಚಾಕು ತಾನಾಗಿಯೇ ಕೀಲು ಹುಡುಕಿಕೊಂಡು ಹೋಯಿತು. ರೆಕ್ಕೆ, ತೊಡೆ, ಎದೆ. ಬೆನ್ನು ಲಟಕ್ಕೆಂದು ಎರಡಾಯಿತು. ಎಣಿಸಿದಳು. ಹದಿನೇಳು. ಗೆದ್ದೆ ಅನ್ನಿಸಲಿಲ್ಲ. ಕಳ್ಳನಿಗೆ ಇನ್ನು ಈ ಮನೆಯಲ್ಲಿ ಕೆಲಸವಿಲ್ಲ ಅನ್ನಿಸಿತು, ಅಷ್ಟೇ.

ಎಣ್ಣೆಯಿಲ್ಲದ ಬಿಸಿ ಪಾತ್ರೆಯಲ್ಲಿ ತುಂಡುಗಳು ತಮ್ಮದೇ ಕೊಬ್ಬಿನಲ್ಲಿ ಕೆಂಪಗಾದವು. ಈರುಳ್ಳಿ ಹಾಕಿದಳು. ಗಿಡದಲ್ಲಿ ಉಳಿದಿದ್ದ ಕೊನೆಯ ಟೊಮೆಟೊಗಳನ್ನು ಸಿಪ್ಪೆ ಸುಲಿದು ಹಾಕಿದಳು. ಬೆಂದ ಮೇಲೆ ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಮಕಸ್ತೂರಿ, ಒಂದು ಹಿಡಿ ಕೊತ್ತಂಬರಿ. ಅವಳ ಸೂಟ್‌ಕೇಸಿನ ಬೀಗ ಕೆಟ್ಟಿತ್ತು. ಅದಕ್ಕೆ ಕಟ್ಟಲು ಗುಲಿಕೊ ಹಿತ್ತಿಲಲ್ಲಿ ಹಗ್ಗ ಹುಡುಕುತ್ತಿದ್ದಳು.

ಮಾಕಾ ಮುಚ್ಚಳ ತೆಗೆದಳು. ಬೆನ್ನಿನ ಒಂದು ತುಂಡನ್ನು ಬೆರಳಿನಿಂದಲೇ ಎತ್ತಿ ಬಾಯಿಗಿಟ್ಟುಕೊಂಡಳು. ನಾಲಿಗೆ ಸುಟ್ಟಿತು. ಹುಳಿ, ಆಮೇಲೆ ಖಾರ. ವರ್ಷದಿಂದ ಏನು ತಿಂದರೂ ಮಣ್ಣಿನಂತಿತ್ತು. ಕಣ್ಣು ಒರೆಸಿಕೊಂಡು, ಮೂಳೆಯನ್ನು ಅಂಗಿಯ ಜೇಬಿಗೆ ಹಾಕಿದಳು.

ಗೇಟಿನ ಬಳಿ ಕಾರು ನಿಂತ ಸದ್ದಾಯಿತು. ಗುಲಿಕೊ ಒಳಗೆ ಬಂದು ಹಗ್ಗವನ್ನು ಬಾದ್ರಿಯ ಕುರ್ಚಿಯ ಮೇಲಿಟ್ಟಳು. ಸೌಟು ತೆಗೆದುಕೊಂಡು ಎಣಿಸಿದಳು.

"ಹದಿನಾರು."

"ಒಂದು ಕಮ್ಮಿ ಬಂತು, ಅತ್ತೆ."

ಗುಲಿಕೊ ಸೊಸೆಯ ಮುಖವನ್ನೇ ನೋಡಿದಳು. ಸೌಟು ಪಾತ್ರೆಯಲ್ಲೇ ನಿಂತಿತ್ತು.

"ಬಾಯಿ ಒರೆಸ್ಕೋ," ಎಂದಳು.

ಗೋಚಾ ಬಾಗಿಲಲ್ಲಿ ಟೋಪಿ ತೆಗೆದು, "ಎಲ್ಲ ತಯಾರಾ?" ಎಂದ.

"ಕೂತು ಊಟ ಮಾಡಪ್ಪ. ನಿನ್ ತಂಗಿ ಕಲಿಯೋದು ಇನ್ನೂ ಮುಗಿದಿಲ್ಲ."

"ಇನ್ನೇನಮ್ಮ ಕಲಿಯೋದು? ಎಂ.ಎ. ಮುಗಿಸಿದಾಳಲ್ಲ!"

"ಅಲ್ಲಿ ಕೋಳಿ ಕುಯ್ಯೋದು ಹೇಳ್ಕೊಡಲ್ವಂತೆ. ಇಷ್ಟಕ್ಕೇ ಕಳಿಸಿದ್ರೆ ನನ್ ಮಾನ ಹೋಗುತ್ತೆ."

ಅವನು ತಂಗಿಯನ್ನು ನೋಡಿದ.

"ನಾನು ಬರಲ್ಲಣ್ಣ," ಎಂದಳು ಮಾಕಾ.

ಸಂಜೆಯ ಹೊತ್ತಿಗೆ ಕಾರು ಹೊರಟುಹೋಯಿತು. ಗುಲಿಕೊ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುರ್ಚಿಯ ಮೇಲೆ ಹಗ್ಗ ಹಾಗೆಯೇ ಬಿದ್ದಿತ್ತು. ಮಾಕಾ ಮೂರು ತಟ್ಟೆ ತೊಳೆದಳು. ಕೈ ಒರೆಸಿಕೊಳ್ಳುವಾಗ ಜೇಬಿನ ಮೂಳೆ ಬೆರಳಿಗೆ ಸಿಕ್ಕಿತು. ಎಸೆಯಲಿಲ್ಲ.