ಬೆಡ್‌ಪ್ಯಾನಿನ ಮೇಲಿನ ಬಾಳೆಲೆ

ಕಾಮಾಲೆಯ ಬಗ್ಗೆ ಸೇವಂತಿಗೆ ಗೊತ್ತಿದ್ದದ್ದು ಒಂದೇ ವಿಷಯ, ಆದರೆ ಅದು ಗಟ್ಟಿಯಾಗಿ ಗೊತ್ತಿತ್ತು: ಹಳದಿ ಕಂಡರೆ ರೋಗ, ಹಳದಿ ಹೋದರೆ ಗುಣ. ಅರಂತೋಡಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ರೋಗಿಯ ಮೂತ್ರಕ್ಕೆ ನಾಲ್ಕು ಅಗುಳು ಅನ್ನ ಹಾಕುವುದು. ಅಗುಳು ಹಳದಿಯಾದರೆ ಮದ್ದು ಮುಂದುವರಿಸುವುದು, ಬೆಳ್ಳಗೇ ಉಳಿದರೆ ಪಥ್ಯ ಬಿಡಿಸುವುದು. ಬೆಳ್ಳಾರೆಯ ಜತ್ತಪ್ಪ ಪಂಡಿತರು ಅವಳ ಅಪ್ಪನಿಗೂ ಹಾಗೇ ನೋಡಿದ್ದರು. ಅಪ್ಪ ಗುಣವಾಗಿ ಆಮೇಲೆ ಎಷ್ಟೋ ವರ್ಷ ಮನೆಯವರೆಲ್ಲರ ತಲೆ ತಿಂದಿದ್ದ.

ಹಾಗಾಗಿ ಗಂಡ ಕುಶಾಲಪ್ಪನ ಕಣ್ಣು ಹಳದಿಯಾದಾಗ ಅವಳು ಹೆದರಲಿಲ್ಲ. ಪಂಡಿತರ ಸೊಪ್ಪಿನ ರಸ ಕುಡಿಸಿದಳು. ಅಗುಳು ಹಳದಿಯಾಗುವುದೇನೋ ನಿಲ್ಲಲಿಲ್ಲ, ಆದರೆ ಸ್ವಲ್ಪ ದಿನದಲ್ಲೇ ಅವನ ಮಲ ಬೆಳ್ಳಗೆ, ಜೇಡಿಮಣ್ಣಿನ ಹಾಗೆ ಆಯಿತು.

"ಕೆಳಗಿನಿಂದ ಹಳದಿ ಬಿಡ್ಲಿಕ್ಕೆ ಶುರುವಾಯ್ತು," ಎಂದರು ಪಂಡಿತರು.

ಸೇವಂತಿ ಆವತ್ತೇ ದೇವಸ್ಥಾನಕ್ಕೆ ಹಣ್ಣುಕಾಯಿ ಕಳಿಸಿದಳು. ಆ ಸಂತೋಷದಲ್ಲೇ ಮಳೆಗಾಲ ಕಳೆಯಿತು. ಕುಶಾಲಪ್ಪ ಮಾತ್ರ ಮೈಯೆಲ್ಲ ತುರಿಸಿಕೊಂಡು ರಕ್ತ ಬರಿಸಿಕೊಂಡ, ಅನ್ನ ಕಂಡರೆ ಮುಖ ತಿರುಗಿಸಿದ, ಎಲುಬು ಎಣಿಸುವ ಹಾಗಾದ. ಕೊನೆಗೆ ಅವನನ್ನು ಬಸ್ಸಿಗೆ ಹತ್ತಿಸಿ ಪುತ್ತೂರಿಗೆ ಕರೆತಂದಳು.

ಪುತ್ತೂರಿನಲ್ಲಿ ಕೃಷ್ಣಮೋಹನ ಡಾಕ್ಟರು ಮದರಾಸಿನಲ್ಲಿ ಸರ್ಜರಿ ಕಲಿತು ಬಂದು ಸಣ್ಣದೊಂದು ಆಸ್ಪತ್ರೆ ಇಟ್ಟಿದ್ದರು. ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಅರ್ಧ ಹೇಳಿ ಉಳಿದರ್ಧ ಎದುರಿನವರಿಗೆ ಗೊತ್ತೇ ಇದೆ ಎಂದುಕೊಳ್ಳುವ ಜಾತಿ.

"ಪಿತ್ತ ಹರಿಯುವ ನಾಳ ಉಂಟಲ್ಲ ಅಮ್ಮ, ಅದರ ತುದಿ ಕಲ್ಲು ಸಿಕ್ಕಿ ಮುಚ್ಚಿ ಹೋಗಿದೆ. ಕಲ್ಲು ತೆಗೀಬಹುದು, ಆದ್ರೆ ಆ ಬಾಯಿ ಇನ್ನು ಸರಿಯಾಗುದಿಲ್ಲ. ಹಾಗಾಗಿ ನಾಳಕ್ಕೆ ಮೇಲಿನಿಂದ ಒಂದು ಸೀಳು, ಪಕ್ಕದ ಕರುಳಿಗೆ ಒಂದು ಸೀಳು, ಎರಡನ್ನೂ ಬಾಯಿಗೆ ಬಾಯಿ ಇಟ್ಟು ಹೊಲಿಯುದು. ತೋಟದಲ್ಲಿ ನೀರು ಹೋಗುವ ಕಣಿ ಕಟ್ಟಿಹೋದ್ರೆ ಪಕ್ಕದಿಂದ ಹೊಸ ಕಣಿ ಕಡಿಯುದಿಲ್ವಾ, ಹಾಗೆ."

ಕಣಿ ಕಡಿಯುವುದು ಸೇವಂತಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗದ್ದು ಬೇರೆ. ಹಳದಿಯಾಗಿ ಗಂಡನನ್ನು ತಿನ್ನುತ್ತಿರುವುದೇ ಆ ಪಿತ್ತ. ಅದನ್ನು ತೆಗೆದು ಎಸೆಯುವುದು ಬಿಟ್ಟು ಪುನಃ ಹೊಟ್ಟೆಗೇ ಬಿಡುವುದೆಂದರೆ ಎಂಥ ಬುದ್ಧಿ? ಕೇಳೋಣವೆಂದರೆ ಡಾಕ್ಟರು ಆಗಲೇ ಮುಂದಿನ ಮಂಚದ ಹತ್ತಿರ ಇದ್ದರು.

ಆಪರೇಷನ್ ಆಯಿತು. "ಮಲದ ಬಣ್ಣ ದಿನಾ ಹೇಳ್ಬೇಕು," ಎಂದು ನರ್ಸ್ ವಸುಮತಿ ತಾಕೀತು ಮಾಡಿದಳು. ಯಾವ ಬಣ್ಣ ಬಂದರೆ ಒಳ್ಳೆಯದು ಎಂದು ಅವಳೂ ಹೇಳಲಿಲ್ಲ. ಹೇಳುವ ವಿಷಯವೇ ಅದು ಎಂದು ಯಾರಿಗೂ ತೋಚಲಿಲ್ಲ.

ಗಂಡನ ಬೆಡ್‌ಪ್ಯಾನನ್ನು ಬೇರೆಯವರ ಕೈಗೆ ಕೊಡುವ ಹೆಂಗಸಲ್ಲ ಸೇವಂತಿ. ಮೇಲೊಂದು ಬಾಳೆಲೆ ಮುಚ್ಚಿ, ತಲೆ ತಗ್ಗಿಸಿ, ತಾನೇ ಕೊಂಡುಹೋಗಿ ಚೆಲ್ಲಿ ಬರುತ್ತಿದ್ದಳು. ಮೊದಲ ಸಲ ಎಲೆ ಸರಿಸಿ ನೋಡಿದವಳು ಥಟ್ಟನೆ ಪುನಃ ಮುಚ್ಚಿದಳು. ಹಳದಿ! ಊರಿನಲ್ಲಿ ಬೆಳ್ಳಗಿದ್ದದ್ದು ಇಲ್ಲಿ ಅರಸಿನ ಕಲಸಿದ ಹಾಗೆ. ಇಷ್ಟು ಕೊಯ್ದು ಹೊಲಿದು ರೋಗ ಹೆಚ್ಚಾದದ್ದೇ ಬಂತು. ಹೇಳಿದರೆ ಇನ್ನೊಮ್ಮೆ ಕೊಯ್ಯುತ್ತಾರೆ, ಇನ್ನೊಮ್ಮೆ ಕೊಯ್ದರೆ ಇವರು ಉಳಿಯುವುದಿಲ್ಲ.

"ಎಂತ ಬಣ್ಣ?" ವಸುಮತಿ ಕೇಳಿದಳು.

"ಬಿಳಿ," ಎಂದಳು ಸೇವಂತಿ. ಮರುದಿನವೂ ಬಿಳಿ, ಅದರ ಮರುದಿನವೂ ಬಿಳಿ.

ಈಗ ತಲೆ ಕೆಡಿಸಿಕೊಳ್ಳುವ ಸರದಿ ಡಾಕ್ಟರದ್ದು. ವಸುಮತಿ ನಳಿಗೆಯಿಂದ ಹಿಡಿದು ತಂದ ಮೂತ್ರ ತಿಳಿಯಾಗುತ್ತಿದೆ, ಅಂದರೆ ಪಿತ್ತ ರಕ್ತಕ್ಕೆ ಹೋಗುತ್ತಿಲ್ಲ. ಮಲ ಬಿಳಿ, ಅಂದರೆ ಕರುಳಿಗೂ ಹೋಗುತ್ತಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತಿದೆ? ರೋಗಿಗೆ ಸಣ್ಣ ಜ್ವರ ಬೇರೆ. ಹೊಟ್ಟೆ ಮುಟ್ಟಿ ನೋಡಿದರು, ನೋವಿತ್ತು. ಆಪರೇಷನ್ ಆದ ಹೊಟ್ಟೆ ನೋಯದೆ ಇರುತ್ತದೆಯೇ?

ಸಂಜೆ ಸೇವಂತಿಯನ್ನು ಕರೆದರು. "ಅಮ್ಮ, ಹೊಲಿಗೆ ಬಿಟ್ಟಿರ್ಬೇಕು. ಪಿತ್ತ ಹೊಟ್ಟೆಯೊಳಗೆ ಸೋರ್ತಾ ಉಂಟು ಅಂತ ಕಾಣ್ತದೆ. ನಾಳೆ ಬೆಳಿಗ್ಗೆ ಪುನಃ ತೆರೀಬೇಕು. ಅವರ ಮೈಯಲ್ಲಿ ಶಕ್ತಿ ಇಲ್ಲ, ನಾನು ಮಾತು ಕೊಡುದಿಲ್ಲ. ಆದ್ರೆ ಬಿಟ್ರೆ ಖಂಡಿತ ಉಳಿಯುದಿಲ್ಲ."

"ಯಾಕೆ ಡಾಕ್ಟ್ರೇ? ಬಿಳಿ ಉಂಟಲ್ಲ!"

"ಬಿಳಿ ಉಂಟು ಅಂತಲೇ ತೆರೆಯುದು!"

ಸೇವಂತಿಗೆ ಕೆಳಗಿನ ನೆಲ ಎಲ್ಲಿ, ಮೇಲಿನ ಮಾಡು ಎಲ್ಲಿ ಎಂದು ತಿಳಿಯಲಿಲ್ಲ. ಕೊಯ್ಯಬಾರದೆಂದು ಬಿಳಿ ಎಂದಳು, ಬಿಳಿ ಎಂದದ್ದಕ್ಕೇ ಕೊಯ್ಯುತ್ತಾರಂತೆ. ಹಾಗಾದರೆ ಹಳದಿ ಒಳ್ಳೆಯದೇ? ಅದು ಹೇಗೆ ಒಳ್ಳೆಯದಾಗುತ್ತದೆ?

"ಹಳದಿ ಡಾಕ್ಟ್ರೇ," ಎಂದಳು. "ಬಿಳಿ ಅಲ್ಲ. ಶುರುವಿನಿಂದ ಹಳದಿಯೇ. ನಾನು ಸುಳ್ಳು ಹೇಳಿದ್ದು."

ಡಾಕ್ಟರು ಅವಳನ್ನು ನೋಡಿದರು. ಕತ್ತಿಗೆ ಹೆದರಿ ಜನ ಏನೇನು ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. "ಇಷ್ಟು ದಿನ ಬಿಳಿ, ಆಪರೇಷನ್ ಹೇಳಿದ ಕೂಡಲೇ ಹಳದಿಯಾ? ಹೆದರಿಕೆ ಆಗ್ತದೆ ಅಮ್ಮ, ನಂಗೆ ಗೊತ್ತುಂಟು. ಎಲ್ಲಿ ಉಂಟು ಹಳದಿ, ತೋರಿಸಿ."

ತೋರಿಸುವುದಕ್ಕೆ ಏನಿತ್ತು? ಎಲ್ಲವನ್ನೂ ತಾನೇ ಚೆಲ್ಲಿ, ನೀರು ಹೊಯ್ದು, ತೊಳೆದು ಬಂದಿದ್ದಳು. ಗಂಡನ ಹತ್ತಿರ ಓಡಿ ಬೆಡ್‌ಪ್ಯಾನ್ ಇಟ್ಟಳು. "ಒಂದು ಸಲ ಹೋಗಿ, ದಮ್ಮಯ್ಯ!"

"ಈಗ ಎಲ್ಲಿಂದ ಬರುದು ಮಾರಾಯ್ತಿ?" ಕುಶಾಲಪ್ಪ ಕಣ್ಣು ಕಣ್ಣು ಬಿಟ್ಟ. "ಮಧ್ಯಾಹ್ನ ನೀನೇ ಕೊಂಡುಹೋದ್ದಲ್ವಾ?" ಪಾಪ, ಅವನು ಪ್ರಯತ್ನಪಟ್ಟ. ಬರಲಿಲ್ಲ. ಸುಳ್ಳು ಹೇಳುವಾಗ ಕೈತುಂಬ ಕೊಟ್ಟ ದೇವರು ಸತ್ಯ ಹೇಳುವಾಗ ಬಾಗಿಲು ಹಾಕಿಕೊಂಡಿದ್ದ. ಸೇವಂತಿಗೆ ದೇವರ ಮೇಲೂ ಸಿಟ್ಟು ಬಂತು, ತನ್ನ ನಾಲಿಗೆಯ ಮೇಲೂ.

ಬೆಳಿಗ್ಗೆ ಥಿಯೇಟರಿನಲ್ಲಿ ಕತ್ತರಿಗಳನ್ನು ಕುದಿಸಲು ಇಟ್ಟರು. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಮಾಡಿಸುವ ಕ್ರಮವಿತ್ತು. ವಸುಮತಿ ಸೋಪಿನ ನೀರಿನ ಎನಿಮಾ ತಂದಳು. ಸೇವಂತಿ ಮಂಚದ ಕಾಲು ಹಿಡಿದು ಕೂತಳು. ಹಳದಿ ಬರಲಿ ಎಂದು ಬೇಡುವಾಗಲೂ ನಾಲಿಗೆ ಅರೆಗಳಿಗೆ ತಡೆಯಿತು, ಅಂಥದ್ದನ್ನು ಯಾರೂ ಬೇಡಿದ್ದು ಅವಳು ಕೇಳಿರಲಿಲ್ಲ.

ಬಂತು.

ವಸುಮತಿ ಬಗ್ಗಿ ನೋಡುವಷ್ಟರಲ್ಲಿ ಸೇವಂತಿ ಬೆಡ್‌ಪ್ಯಾನ್ ಕಸಿದುಕೊಂಡಿದ್ದಳು. ಬಾಳೆಲೆ ಮಂಚದ ಬುಡದಲ್ಲೇ ಉಳಿಯಿತು. ಜಗಲಿ ತುಂಬ ಕೂತಿದ್ದವರ ನಡುವೆ, "ದಾರಿ ಬಿಡಿ, ದಾರಿ ಬಿಡಿ," ಎನ್ನುತ್ತ ಓಡಿದಳು. ಜನ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿದರು. ಡಾಕ್ಟರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಅವರ ಮೂಗಿನ ಬುಡಕ್ಕೇ ಹಿಡಿದಳು.

"ಇದು ಹಳದಿಯಾ ಅಲ್ವಾ ನೀವೇ ಹೇಳಿ!"

ಕೃಷ್ಣಮೋಹನ ಡಾಕ್ಟರು ಬಗ್ಗಿ ಬಹಳ ಹೊತ್ತು ನೋಡಿದರು. ಸೋಪಿನ ನೊರೆ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. "ಹೊಲಿಗೆ ಸರಿ ಉಂಟು," ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ ಜೋರಾಗಿ, "ವಸುಮತೀ, ಥಿಯೇಟರ್ ಬೇಡ! ಪಿತ್ತ ಹೊಸ ದಾರಿಯಲ್ಲಿ ಕರುಳಿಗೆ ಇಳೀತಾ ಉಂಟು. ಅದಕ್ಕೇ ಹಳದಿ. ಹೀಗೇ ಬರ್ಬೇಕಾದ್ದು ಅಮ್ಮ. ಬಿಳಿ ಅಂದ್ರೆ ದಾರಿ ಕಟ್ಟಿದೆ ಅಂತ."

ಸೇವಂತಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು.

"ಹಾಗಾದ್ರೆ ಡಾಕ್ಟ್ರೇ... ಊರಲ್ಲಿ ಮಳೆಗಾಲ ಇಡೀ ಬಿಳಿ ಬರ್ತಾ ಇತ್ತಲ್ಲ?"

ಡಾಕ್ಟರು ನಲ್ಲಿ ತಿರುಗಿಸಿ ಸೋಪು ತೊಳೆಯತೊಡಗಿದರು.

ಆ ಬಿಳಿಗೆ ಹಣ್ಣುಕಾಯಿ ಕಳಿಸಿದ್ದು ಸೇವಂತಿಗೆ ನೆನಪಾಯಿತು. ಅವಳು ಬೆಡ್‌ಪ್ಯಾನನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತಳು.