ಮೂರು ಕೋಣೆಗೆ ಒಂದೇ ಸೋಫಾ

ರಾಮಮೂರ್ತಿ ನಗರದಲ್ಲಿ ಫ್ಲ್ಯಾಟು ಕೊಂಡಾಗ ಸಂಘಮಿತ್ರಾ ತನ್ನ ಸ್ನೇಹಿತರಿಗೆ, "ಮನೆ ರೆಡಿ ಆಗ್ಲಿ, ಆಮೇಲೆ ಕರೀತೀನಿ" ಎಂದಿದ್ದಳು. ಹಾಗೆ ಹೇಳಿ ಎರಡು ವರ್ಷವಾಗುತ್ತ ಬಂದಿತ್ತು. ಹಲಸೂರಿನ ಕನ್ನಡಕದ ಕಂಪನಿಯೊಂದರಲ್ಲಿ ಅವಳಿಗೆ ಒಳ್ಳೆಯ ಕೆಲಸವೇ ಇತ್ತು. ಆದರೆ ಸಂಬಳ ಬಂದ ಬೆಳಿಗ್ಗೆಯೇ ಬ್ಯಾಂಕು ಕಂತು ಎಳೆದುಕೊಳ್ಳುತ್ತಿತ್ತು. ಉಳಿದದ್ದರಲ್ಲಿ ಅವಳೂ ಅವಳ ತಾಯಿ ಮಂಜುಳಮ್ಮನೂ ಬದುಕಬೇಕು, ಮಿಕ್ಕರೆ ಮನೆಗೆ ಏನಾದರೂ ತರಬೇಕು. ಹೀಗೆ ಮಿಕ್ಕಿದ್ದರಲ್ಲಿ ಬಂದದ್ದು ಶಿವಾಜಿನಗರದ ಒಂದು ಹಳೇ ಅಂಗಡಿಯಿಂದ ತಂದ ಹಸಿರು ಸೋಫಾ, ಉದ್ದ ಕಾಲಿನ ಒಂದು ದೀಪ, ಒಂದು ಕಾರ್ಪೆಟ್ಟು. ಹಾಲ್‌ನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ. ಅಷ್ಟೇ.

ಸೋಫಾ ಬಂದ ವಾರ ಅವಳು ಅದನ್ನು ಹಾಲ್‌ನಲ್ಲಿಟ್ಟು, ಪಕ್ಕದಲ್ಲಿ ದೀಪ ನಿಲ್ಲಿಸಿ, ಫೋಟೋ ತೆಗೆದು ಗೆಳೆಯರ ಗುಂಪಿಗೆ ಕಳಿಸಿದಳು. ಕೆಲವು ದಿನಗಳ ನಂತರ ಮಲಗುವ ಕೋಣೆಯ ಕಿಟಕಿಯ ಬಳಿ ಚೆನ್ನಾಗಿ ಕಾಣಬಹುದೆನಿಸಿ ಅಲ್ಲಿಗೆ ತಳ್ಳಿದಳು. ಅದನ್ನೂ ಕಳಿಸಿದಳು. ಆಮೇಲೆ ಮಂಜುಳಮ್ಮನ ಕೋಣೆ. ಅವಳಿಗೆ ಯಾರನ್ನೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಸೋಫಾ ಎಲ್ಲಿ ಒಪ್ಪುತ್ತದೆ ಎಂದು ನೋಡುತ್ತಿದ್ದಳು. ಆದರೆ ಕೆ.ಆರ್. ಪುರದ ದಿವ್ಯ, ಕಾಲೇಜಿನಿಂದಲೂ ಜೊತೆಗಿದ್ದ ಗೆಳತಿ, ಬರೆದಳು: "ರೂಮಿಗೊಂದು ಸೋಫಾನಾ? ರಾಣಿ ಕಣೇ ನೀನು." ಸಂಘಮಿತ್ರಾ ಉತ್ತರ ಟೈಪು ಮಾಡಿದಳು, ಅಳಿಸಿದಳು, ಕೊನೆಗೆ ಒಂದು ನಗುವ ಮುಖ ಕಳಿಸಿ ಮಲಗಿದಳು.

ಅದೇ ಸುಮಾರಿಗೆ ಅವಳಿಗೆ ತಲೆಸುತ್ತು ಶುರುವಾಯಿತು. ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು.

"ವಾಕಿಂಗ್ ಮಾಡ್ತೀರಾ?"

"ಇಲ್ಲ."

"ಫ್ರೆಂಡ್ಸ್ ಇದ್ದಾರಾ?"

"ಇದ್ದಾರೆ. ಫೋನಲ್ಲಿ."

"ಫೋನಲ್ಲಿ ಇರೋರು ಬೇಡ. ಎದುರಿಗೆ ಕೂತು ಮಾತಾಡೋರು ಬೇಕು. ಮನೆಗೆ ಕರೀರಿ," ಎಂದು ಅವರು ಒಂದು ಮಾತ್ರೆಯನ್ನೂ ಬರೆದುಕೊಟ್ಟರು.

ಅವಳು ಕರೆಯಲಿಲ್ಲ. ಅವರೇ ಬಂದರು. ಒಂದು ಭಾನುವಾರ ಬೆಳಿಗ್ಗೆ ದಿವ್ಯ ಫೋನು ಮಾಡಿ, "ನಾನೂ ನಯಾಜೂ ಇನ್ನೊಂದು ಗಂಟೇಲಿ ಬರ್ತಿದೀವಿ, ಏನೂ ಹೇಳ್ಬೇಡ" ಎಂದಳು. ನಯಾಜ್ ಗೆಳೆಯರ ಆ ಗುಂಪಿನ ಮೂವರಲ್ಲಿ ಕೊನೆಯವನು, ಲಿಂಗರಾಜಪುರದವನು, ಮಿತಭಾಷಿ. ಸಂಘಮಿತ್ರಾ ಫೋನು ಹಿಡಿದುಕೊಂಡೇ ಸೋಫಾದ ಮೇಲೆ ಕುಸಿದಳು.

ಮಂಜುಳಮ್ಮ ವಿಷಯ ಕೇಳಿ, "ಒಂದೇ ಇದೆ ಅಂತ ಹೇಳ್ಬಿಡು" ಎಂದರು.

"ಆರು ತಿಂಗಳಿಂದ ಮೂರು ಅನ್ಕೊಂಡಿದಾರಮ್ಮ."

ಮಂಜುಳಮ್ಮ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು. ಅಲ್ಲಿದ್ದವರು ಭಗವಂತರಾಯರು. ಕಲಬುರಗಿ ಕಡೆಯವರು, ವಿಮಾನಪುರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕೆಲಸವಿಲ್ಲದೆ ಬೇಸತ್ತವರು. ಅವರು ಬಂದು ಮನೆಯನ್ನು ಒಂದು ಸುತ್ತು ನೋಡಿದರು. ಹಾಲ್‌ನಿಂದಲೂ ಎರಡೂ ಕೋಣೆಗಳಿಂದಲೂ ಬಾಗಿಲು ತೆರೆಯುವ ಉದ್ದನೆಯ ಬಾಲ್ಕನಿ ಇತ್ತು.

"ಇದರಾಗೇನೈತ್ರೀ," ಎಂದರು. "ಮಂದಿ ಒಳಗಿಂದ ಹೋಗಲಿ, ಸೋಫಾ ಹೊರಗಿಂದ ಹೋಗ್ಲಿ. ನೀವೇನೂ ಚಿಂತಿ ಮಾಡಬ್ಯಾಡ್ರಿ."

ದೀಪ, ಕಾರ್ಪೆಟ್ಟು ಕೂಡ ಜೊತೆಗೆ ಹೋಗಬೇಕೆಂದು ತೀರ್ಮಾನವಾಯಿತು. ಬಾಬಾಸಾಹೇಬರ ಫೋಟೋ ತೆಗೆಯಲು ಸಂಘಮಿತ್ರಾ ಕೈಯೆತ್ತಿದಾಗ ಮಾತ್ರ ಮಂಜುಳಮ್ಮ ತಡೆದರು. "ಅವರನ್ನ ಈ ಆಟಕ್ಕೆ ಸೇರಿಸ್ಬೇಡ."

ದಿವ್ಯ ಮತ್ತು ನಯಾಜ್ ಬಂದು ಹಾಲ್‌ನಲ್ಲಿ ಕುಳಿತು ನಿಂಬೆಹಣ್ಣಿನ ಪಾನಕ ಕುಡಿದರು. ಸೋಫಾ ಹೊಗಳಿದರು. ಆಮೇಲೆ ಮಂಜುಳಮ್ಮ ಇಬ್ಬರನ್ನೂ ಅಡುಗೆಮನೆಗೆ ಕರೆದು ನಲ್ಲಿ ತೋರಿಸಿದರು. ಸಾಧಾರಣ ನಲ್ಲಿ. ಅದನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕಾವೇರಿ ನೀರು ಯಾವಾಗ ಬರುತ್ತದೆ, ಬೋರಿನ ನೀರಿಗೆ ಬೇಳೆ ಯಾಕೆ ಬೇಯುವುದಿಲ್ಲ ಎಂದೆಲ್ಲ ವಿವರಿಸಿದರು. ಹೊರಗೆ ಬಾಲ್ಕನಿಯಲ್ಲಿ ಏನೋ ಗೋಡೆಗೆ ಬಡಿದ ಸದ್ದಾಯಿತು. ಭಗವಂತರಾಯರ ಧ್ವನಿ, "ಸಾವಕಾಶ, ಸಾವಕಾಶ" ಎಂದಿತು.

"ಯಾರು ಅದು?" ಎಂದ ನಯಾಜ್.

"ಪಕ್ಕದ ಮನೆಯವರು. ಪ್ರಾಣಾಯಾಮ ಮಾಡ್ತಾರೆ," ಎಂದರು ಮಂಜುಳಮ್ಮ.

ಮಲಗುವ ಕೋಣೆಗೆ ಹೋದಾಗ ಸೋಫಾ, ದೀಪ, ಕಾರ್ಪೆಟ್ಟು ಅಚ್ಚುಕಟ್ಟಾಗಿ ಕಿಟಕಿಯ ಬಳಿ ಕೂತಿದ್ದವು. ಸಂಘಮಿತ್ರಾ ಪಕ್ಕದಲ್ಲಿ ನಿಂತು ಮೂಗಿನಿಂದ ಉಸಿರಾಡಲು ಯತ್ನಿಸುತ್ತಿದ್ದಳು. ನಯಾಜ್ ಕುಳಿತ. ಕುಳಿತವನು ಎದ್ದು ಸೀಟು ಮುಟ್ಟಿ ನೋಡಿದ.

"ಬೆಚ್ಚಗಿದೆ. ಯಾರೋ ಈಗ್ತಾನೆ ಎದ್ದುಹೋದ ಹಾಗೆ."

"ಬಿಸಿಲು ಬೀಳತ್ತೆ," ಎಂದಳು ಸಂಘಮಿತ್ರಾ. ಹೊರಗೆ ಮೋಡ ಕವಿದಿತ್ತು.

ನಯಾಜ್ ಮತ್ತೆ ಕುಳಿತು ದಿಂಬು ಸರಿಸಿದ. ದಿಂಬಿನ ಕೆಳಗೆ ಅವನದೇ ಕನ್ನಡಕವಿತ್ತು. ಹಾಲ್‌ನಲ್ಲಿ ಪಾನಕ ಕುಡಿಯುವಾಗ ತೆಗೆದಿಟ್ಟಿದ್ದು. ಅವನು ಅದನ್ನು ಹಾಕಿಕೊಂಡು ಸೋಫಾ ನೋಡಿದ, ಸಂಘಮಿತ್ರಾಳನ್ನು ನೋಡಿದ.

"ಈ ಮನೇಲಿ ಗಾಳಿ ಜಾಸ್ತಿ ಕಣಪ್ಪ," ಎಂದರು ಮಂಜುಳಮ್ಮ.

ಆಮೇಲೆ ಇಬ್ಬರನ್ನೂ ಮತ್ತೆ ಅಡುಗೆಮನೆಗೆ ಕರೆದು ಈ ಸಲ ಒಲೆ ತೋರಿಸಿದರು. ಅಲ್ಲಿಂದ ಎಲ್ಲರೂ ಮಂಜುಳಮ್ಮನ ಕೋಣೆಗೆ ಬರುವಷ್ಟರಲ್ಲಿ ಭಗವಂತರಾಯರಿಗೆ ಬಾಲ್ಕನಿಗೆ ಓಡಿಹೋಗಲು ಸಮಯ ಸಿಗಲಿಲ್ಲ. ಅವರು ಸೋಫಾದ ಮೇಲೇ ಕುಳಿತುಬಿಟ್ಟಿದ್ದರು, ಬೆವರು ಸುರಿಯುತ್ತಿತ್ತು. "ನಮಸ್ಕಾರ್ರೀ," ಎಂದು ಕೈಮುಗಿದರು, "ನಾ ದಿನಾ ಇಲ್ಲೇ ಬಂದು ಕೂಡ್ತೇನಿ."

ಭೇಟಿ ಚೆನ್ನಾಗಿಯೇ ಮುಗಿಯಿತು. ಚಪ್ಪಲಿ ಹಾಕಿಕೊಳ್ಳುತ್ತ ದಿವ್ಯ ತಡೆದು ನಿಂತಳು. ಅವಳ ತಂದೆ ರಾಮಾಂಜಿನಪ್ಪ, ಮೊದಲು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಸಾಲ ಮಾಡಿ ನಾಲ್ಕಂತಸ್ತು ಕಟ್ಟಿಸಿದ್ದರು. ದುಡ್ಡೆಲ್ಲ ಮಾರ್ಬಲ್ಲಿಗೆ ಹೋಗಿ, ಮನೆಯಲ್ಲಿ ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. "ಬರೋ ಭಾನುವಾರ ಮುನೀಂದ್ರನ್ನ ನೋಡೋಕೆ ಹೆಣ್ಣಿನ ಕಡೆಯವರು ಬರ್ತಿದಾರೆ," ಎಂದಳು. ಮುನೀಂದ್ರ ಅವಳ ತಮ್ಮ. "ನಿನ್ ಹತ್ರ ಮೂರಿದೆಯಲ್ಲ, ಒಂದಿನಕ್ಕೆ ಒಂದು ಕೊಡ್ತೀಯಾ?"

"ಕೊಡ್ತೀನಿ," ಎಂದಿತು ಸಂಘಮಿತ್ರಾಳ ಬಾಯಿ.

ಆಗ ನಯಾಜ್ ನೆಲ ನೋಡುತ್ತ, "ನಂಗೂ ಒಂದು ಬೇಕಿತ್ತು" ಎಂದ. "ಕೋಲಾರದಿಂದ ಅತ್ತೆ ಬರ್ತಿದಾರೆ. ಬರೋ ಭಾನುವಾರ ಸಾಯಂಕಾಲ. ಮನೆ ಕಂತಲ್ಲೇ ಎಲ್ಲಾ ಹೋಗ್ತಿದೆ ಅಂತ ಅವ್ರಿಗೆ ಹೇಳಿಲ್ಲ."

"ಅದಕ್ಕೇನು," ಎಂದಿತು ಅದೇ ಬಾಯಿ.

ಬಾಗಿಲು ಹಾಕಿಕೊಂಡ ಮೇಲೆ ಮಂಜುಳಮ್ಮ ಪಾನಕದ ಲೋಟಗಳನ್ನು ಎತ್ತಿಕೊಂಡರು. "ಒಂದು ಬೆಳಿಗ್ಗೆ, ಒಂದು ಸಾಯಂಕಾಲ," ಎಂದರು. "ಆಗತ್ತೆ."

ಭಾನುವಾರ ಭಗವಂತರಾಯರು ಟೆಂಪೋ ತಂದರು. ಸೋಫಾ ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋಯಿತು. ಮಾರ್ಬಲ್ಲಿನ ಮೇಲೆ ಅದು ಬಹಳ ಘನವಾಗಿ ಕಂಡಿತು. ಹೆಣ್ಣಿನ ಕಡೆಯವರು ಹುಡುಗಿಯನ್ನೂ ಕರೆದುಕೊಂಡು ಬಂದು, ತಿಂಡಿ ತಿಂದು, ಹೋಳಿಗೆ ಊಟ ಮಾಡಿ, ಕಟ್ಟಡ ನೋಡಲು ರಾಮಾಂಜಿನಪ್ಪನವರ ಹಿಂದೆ ಮೇಲಕ್ಕೆ ಹತ್ತಿದರು. ಇಷ್ಟು ಹೊತ್ತಿಗೆ ಸೋಫಾ ಖಾಲಿಯಾಗಬೇಕಿತ್ತು. ಆಗಲಿಲ್ಲ. ಹುಡುಗಿಯ ಸೋದರಮಾವ ಮುನಿವೆಂಕಟಪ್ಪ, ಭಾರೀ ಮನುಷ್ಯ, ಅದರ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದರು.

ಟೆಂಪೋ ಜೊತೆ ಬಂದ ಸಂಘಮಿತ್ರಾ ಬಾಗಿಲಲ್ಲಿ ನಿಂತಳು. ನಯಾಜ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಅತ್ತೆ ಆಗಲೇ ಹೊಸಕೋಟೆ ದಾಟಿದ್ದರು.

"ಎಬ್ಬಿಸಬೇಕು ದಿವ್ಯ. ಈಗ್ಲೇ ಲಿಂಗರಾಜಪುರಕ್ಕೆ ಹೋಗ್ಬೇಕು."

"ಎಬ್ಬಿಸೋ ಹಾಗಿಲ್ವಂತೆ. ಊಟ ಆದ್ಮೇಲೆ ಎಬ್ಬಿಸಿದ್ರೆ ಬಿ.ಪಿ. ಏರತ್ತೆ ಅಂತ ಡಾಕ್ಟರು ಹೇಳಿದಾರಂತೆ. ನಯಾಜ್‌ಗೆ ಇನ್ನೊಂದು ಕಳಿಸ್ಬಿಡು ಈಗ. ಇದು ನಾಳೆ ತಗೊಂಡೋಗು."

"ಇನ್ನೊಂದಿಲ್ಲ."

"ಬೆಡ್‌ರೂಮಲ್ಲಿ ಇತ್ತಲ್ಲ?"

"ಅದೇ ಇದು."

"ನಿಮ್ಮಮ್ಮನ ರೂಮಲ್ಲಿ?"

"ಅದೂ ಇದೇ."

ದಿವ್ಯ ಸೋಫಾವನ್ನು ಹೊಸದಾಗಿ ನೋಡುವಂತೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲು ಹೊರಟು, ದಾರಿಯಲ್ಲಿ ಮನಸ್ಸು ಬದಲಾಯಿಸಿತು. "ನಾವು ನಿಮ್ಮನೇಲಿ ನಲ್ಲಿ ನೋಡ್ತಿದ್ದಾಗ ನೀನು ಇದನ್ನ ಹೊರ್ತಿದ್ಯಾ?"

"ಹೂಂ."

"ಒಂದೇ ಇದೆ ಅಂತ ಹೇಳಿದ್ರೆ ನಾನೇನ್ ನಿನ್ನ ಬಿಟ್ಟು ಹೋಗ್ತಿದ್ನಾ?"

ಸಂಘಮಿತ್ರಾ ಸೋಫಾದಿಂದ ಕೆಳಗೆ ಬಿದ್ದಿದ್ದ ದಿಂಬನ್ನು ಎತ್ತಿಕೊಂಡಳು. ಅಷ್ಟರಲ್ಲಿ ಕೋಣೆಯ ಮೂಲೆಯಿಂದ, ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡದೆ ಕುಳಿತಿದ್ದ ಹುಡುಗಿ ಎದ್ದು ಬಂದಳು. ಅವಳ ಹೆಸರು ಭಾಗ್ಯಲಕ್ಷ್ಮಿ.

"ಮಾವ ಮಲಗಿದ್ರೆ ಎರಡು ಗಂಟೆ ಏಳಲ್ಲ," ಎಂದಳು. "ಹಾಗೇ ಎತ್ತಿ. ನಾನೂ ಜೊತೆಗೆ ಬರ್ತೀನಿ."

"ಎಲ್ಲಿಗೆ?" ಎಂದ ಇನ್ನೊಂದು ಮೂಲೆಯಲ್ಲಿದ್ದ ಮುನೀಂದ್ರ. ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

"ಲಿಂಗರಾಜಪುರಕ್ಕೆ ಅಂದ್ರಲ್ಲ. ನೀವು ತಲೆ ಕಡೆ ಹಿಡೀರಿ."

ಮುನೀಂದ್ರ ತಲೆಯ ಕಡೆ ಹಿಡಿದ, ಅವಳು ಕಾಲಿನ ಕಡೆ. ಭಗವಂತರಾಯರು, ದಿವ್ಯ, ಸಂಘಮಿತ್ರಾ ಅತ್ತಿತ್ತ ಆಸರೆ ಕೊಟ್ಟರು. ಮುನಿವೆಂಕಟಪ್ಪನವರು ಮೆಟ್ಟಿಲ ಬಳಿ ಒಮ್ಮೆ ಮಗ್ಗುಲು ಬದಲಿಸಿದಾಗ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಟೆಂಪೋದಲ್ಲಿ ಅವರ ಮೇಲೆ ಬೆಡ್‌ಶೀಟು ಹೊದಿಸಿದರು. ಟಿನ್ ಫ್ಯಾಕ್ಟರಿಯ ಬಳಿ ಟ್ರಾಫಿಕ್ಕು ನಿಂತಾಗ ಪೊಲೀಸೊಬ್ಬ ಹಿಂದೆ ಬಗ್ಗಿ ನೋಡಿ, "ಏನ್ರೀ ಇದು? ಸೀರಿಯಸ್ಸಾ?" ಎಂದ.

"ಇಲ್ಲ ಸರ್, ಸಂಬಂಧ," ಎಂದಳು ಭಾಗ್ಯಲಕ್ಷ್ಮಿ. ಪೊಲೀಸ್ ತಲೆಯಾಡಿಸಿ ದಾರಿ ಬಿಡಿಸಿದ.

ನಯಾಜ್ ಬಾಗಿಲು ತೆರೆದು ಸೋಫಾ ನೋಡಿದ, ಅದರ ಮೇಲಿದ್ದವರನ್ನು ನೋಡಿದ. ಪ್ರಶ್ನೆ ಕೇಳುವ ಸಮಯವಿರಲಿಲ್ಲ. ಸೋಫಾ ಗೋಡೆಗೆ ಸೇರಿಸುತ್ತಿದ್ದಂತೆ ಅತ್ತೆ ಒಳಬಂದರು. ಮುನಿವೆಂಕಟಪ್ಪನವರು ಆಗಲೇ ಕಣ್ಣು ಬಿಟ್ಟರು. ಎದುರಿಗೆ ಹೊಸ ಗೋಡೆ, ಹೊಸ ಜನ, ತಟ್ಟೆಯಲ್ಲಿ ಖರ್ಜೂರ. ಅವರು ಗಾಬರಿಪಡಲಿಲ್ಲ. ಎದ್ದು ಕುಳಿತು ಶಲ್ಯ ಸರಿಮಾಡಿಕೊಂಡು, ಎದುರಿಗಿದ್ದವರಲ್ಲಿ ಹಿರಿಯರೆನಿಸಿದ ಅತ್ತೆಯನ್ನೇ ಕೇಳಿದರು:

"ಹಾಗಾದ್ರೆ ನಿಮ್ಮ ಕಡೆಯಿಂದ ಒಪ್ಪಿಗೆ ತಾನೆ?"

ಅತ್ತೆ ಅಳಿಯನ ಮನೆಯಲ್ಲಿ ಕುಳಿತ ದೊಡ್ಡ ಮನುಷ್ಯರಿಗೆ ಎದುರಾಡುವವರಲ್ಲ. "ಜೀ, ಪೂರಾ ಒಪ್ಪಿಗೆ," ಎಂದರು.

"ನಮ್ದೂ ಒಪ್ಪಿಗೆ," ಎಂದು ಮುನಿವೆಂಕಟಪ್ಪ ಖರ್ಜೂರ ಬಾಯಿಗೆ ಹಾಕಿಕೊಂಡರು. ಬಾಗಿಲ ಬಳಿ ನಿಂತಿದ್ದ ಭಾಗ್ಯಲಕ್ಷ್ಮಿ ಮುನೀಂದ್ರನ ಕಡೆ ನೋಡಿ, "ನಿಮ್ಮ ಸೊಂಟ ಹೇಗಿದೆ?" ಎಂದಳು. "ಪರವಾಗಿಲ್ಲ," ಎಂದ ಅವನು. ಕೆ.ಆರ್. ಪುರದಲ್ಲಿ ನಾಲ್ಕನೇ ಮಹಡಿಯಿಂದ ಇಳಿದು ಬಂದವರಿಗೆ ಹುಡುಗ, ಹುಡುಗಿ, ಮಾವ, ಸೋಫಾ ಯಾವುದೂ ಕಾಣದೆ ಸ್ವಲ್ಪ ಗಲಾಟೆಯಾಗಿತ್ತು. ಆದರೆ ಮುನಿವೆಂಕಟಪ್ಪ ಫೋನಿನಲ್ಲೇ, "ಎಲ್ಲಾ ಮಾತಾಡಿ ಮುಗಿಸಿದೀನಿ" ಎಂದಾಗ ತಣ್ಣಗಾಯಿತು. ಮದುವೆ ಮಾಗಿ ಕಳೆದ ಮೇಲೆ ಎಂದಾಯಿತು.

ಸೋಫಾ ಮಾತ್ರ ವಾಪಸು ಬರಲಿಲ್ಲ. ಅತ್ತೆ ಎರಡು ದಿನಕ್ಕೆಂದು ಬಂದವರು ಅದರ ಮೇಲೆ ಕುಳಿತು ನೋಡಿ, ಒಂದು ತಿಂಗಳು ಇರುವುದಾಗಿ ಹೇಳಿದರು. ನಯಾಜ್ ಫೋನು ಮಾಡಿ ಕ್ಷಮೆ ಕೇಳಿದ. "ಇರ್ಲಿ ಬಿಡು ಮಗಾ," ಎಂದಳು ಸಂಘಮಿತ್ರಾ. ಆದರೆ ಸಂಜೆ ಕೆಲಸದಿಂದ ಬಂದು ಖಾಲಿ ಹಾಲ್‌ನಲ್ಲಿ ನಿಂತಾಗ ಅವಳಿಗೆ ಕೂರಬೇಕೆನಿಸುತ್ತಿತ್ತು, ನೆಲದ ಮೇಲಲ್ಲ. ಒಂದು ದಿನ ಹಾಗೇ ಚಪ್ಪಲಿ ಮೆಟ್ಟಿ ಬಾಣಸವಾಡಿಯ ಮೇಲೆ ಲಿಂಗರಾಜಪುರದವರೆಗೆ ನಡೆದಳು. ಮರುದಿನವೂ ಹೋದಳು. ದಿವ್ಯ ಕೂಡ ಅಲ್ಲಿಗೇ ಬರತೊಡಗಿದಳು. ಮೂವರೂ ಕುಳಿತು ಕಂತು, ಪೇಂಟು, ಮದುವೆ ಮನೆಯ ಜಗಳ ಎಲ್ಲ ಮಾತಾಡಿ, ಕತ್ತಲಾದ ಮೇಲೆ ಅವಳು ಬಸ್ಸು ಹಿಡಿಯುತ್ತಿದ್ದಳು. ಡಾಕ್ಟರು ಬಿ.ಪಿ. ನೋಡಿ ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ತರಿಸಿದರು.

ತಿಂಗಳು ಮುಗಿಯಿತು. ಅತ್ತೆ ಹೋಗುವ ಮಾತೆತ್ತಲಿಲ್ಲ. ಅವರಿಗೆ ಸಂಘಮಿತ್ರಾಳ ಮೇಲೆ ವಿಶೇಷ ಪ್ರೀತಿ ಹುಟ್ಟಿತ್ತು; ಅವಳು ಬರುವ ಹೊತ್ತಿಗೆ ಸರಿಯಾಗಿ ಚಹಾ ಮಾಡಿಡುತ್ತಿದ್ದರು. ಒಂದು ದಿನ ಅವಳು ನಡೆದು ದಣಿದು ಸೋಫಾದ ಮೇಲೆ ಧೊಪ್ಪನೆ ಬಿದ್ದದ್ದು ಕಂಡು ಅವರ ಮುಖ ಸಣ್ಣಗಾಯಿತು.

"ಮೆಲ್ಲಗೆ ಕೂತ್ಕೋ ಬೇಟಿ," ಎಂದರು. "ಪಾಪ, ಅಳಿಯ ಕಷ್ಟಪಟ್ಟು ತಂದಿದಾನೆ."

ಸಂಘಮಿತ್ರಾ ಎದ್ದು, ಮೆಲ್ಲಗೆ ಕುಳಿತು, ಚಹಾ ತೆಗೆದುಕೊಂಡಳು.