ಜೇಬಿನಲ್ಲಿಟ್ಟ ಕೈ

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ತಂಗಿಗೆ ಕಿವಿ ನೆಟ್ಟಗಿದೆ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಇಬ್ಬರೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವವರು. ಯಂತ್ರಗಳ ಗದ್ದಲದಲ್ಲಿ ಉಳಿದವರು ಗಂಟಲು ಹರಿದುಕೊಳ್ಳುತ್ತಿದ್ದರೆ, ಇವರು ಒಂದು ಚಾದರಕ್ಕೂ ಇನ್ನೊಂದಕ್ಕೂ ನಡುವೆ ಕೈ ಬಿಡುವಾದಷ್ಟರಲ್ಲೇ ಊರ ಸುದ್ದಿಯನ್ನೆಲ್ಲ ಮುಗಿಸಿರುತ್ತಿದ್ದರು.

ಲಾಂಡ್ರಿಯ ಹಿಂದಿನ ಕಿಟಕಿಯಿಂದ ನದಿಯಾಚೆಯ ರಕ್ಷಿತಾರಣ್ಯ ಕಾಣುತ್ತದೆ. ಅಲ್ಲಿಂದ ಅಕ್ಕನಿಗೆ ಒಮ್ಮೆ ನೀರಿನಲ್ಲಿ ಒಂದು ಕಪ್ಪು ತಲೆ ಕಂಡಿತ್ತು. ನೀರುನಾಯಿ. ಅಂದಿನಿಂದ ಅದನ್ನು ಹತ್ತಿರದಿಂದ ನೋಡುವ ಹುಚ್ಚು ಹಿಡಿಯಿತು. ಹೋದ ವರ್ಷ ಹೋದಾಗ, "ಹೇಳಿದ್ದು ಕೇಳಿಸದವರನ್ನ ಒಳಗೆ ಬಿಡೋಕಾಗಲ್ಲ, ಏನಾದ್ರೂ ಆದ್ರೆ ಯಾರು ಹೊಣೆ?" ಎಂದು ಗೇಟಿನಿಂದಲೇ ಅಟ್ಟಿದ್ದರು. ಈಗ ಅದೇ ಗೇಟಿಗೆ ಬ್ಯಾನರ್ ಬಿದ್ದಿತ್ತು: 'ಕಾಡು ಎಲ್ಲರದು. ಶ್ರವಣದೋಷವುಳ್ಳವರಿಗೆ ವಿಶೇಷ ದಿನ.' ಅಕ್ಕ ಹಿಂದಿನ ದಿನವೇ ಶೂ ತಿಕ್ಕಿ ಇಟ್ಟಿದ್ದಳು.

ನದಿ ದಂಡೆಯ ಮರದ ಗುಡಿಸಲಿನಲ್ಲಿ, ಉದ್ದನೆಯ ಕಿಂಡಿಯ ಮುಂದೆ ಬಂದವರನ್ನೆಲ್ಲ ಸಾಲಾಗಿ ಕೂರಿಸಿದರು. ಕಿವಿ ಕೇಳಿಸುವವಳು ತಂಗಿಯೊಬ್ಬಳೇ. ಮಾತು ದಾಟಿಸುವ ಕೆಲಸ ಅವಳದು. ಗೈಡ್ ಹಿಂದೆ ನಿಂತಿದ್ದ. ತಂಗಿ ಅವನಿಗೆ ಆಗಲೇ 'ಟೋಪಿ ಸಾಹೇಬ' ಎಂದು ನಾಮಕರಣ ಮಾಡಿದ್ದಳು.

"ನೋಡಮ್ಮ, ಇಲ್ಲಿ ಕೈ ಆಡಿಸ್ಬಾರ್ದು ಅಂತ ಹೇಳು. ಪ್ರಾಣಿ ಬೆದರುತ್ತೆ. ಎಲ್ಲರೂ ಕೈ ಜೇಬಲ್ಲಿಟ್ಕೊಳ್ಲಿ."

"ಸಾರ್, ಅದು ಅವರ ಮಾತು. ಕಿಂಡಿಯಿಂದ ಆಚೆ ಚಾಚಲ್ಲ, ಮಡಿಲಲ್ಲೇ ಆಡಿಸ್ತಾರೆ."

"ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ. ರೂಲ್ಸ್ ಎಲ್ಲರಿಗೂ ಒಂದೇ."

ತಂಗಿ ಹಲ್ಲು ಕಚ್ಚಿಕೊಂಡು ಅದನ್ನು ಕೈಯಲ್ಲಿ ಹೇಳಿದಳು. ಅಕ್ಕ ಒಮ್ಮೆ ಅವಳ ಮುಖ ನೋಡಿ, ಎರಡೂ ಕೈ ಕೋಟಿನ ಜೇಬಿಗೆ ಇಳಿಸಿದಳು. ಉಳಿದವರೂ ಇಳಿಸಿದರು. ತಂಗಿಗೆ ಮೈಯೆಲ್ಲ ಉರಿಯಿತು. ಲೋಕದಲ್ಲಿ ಸದ್ದಿಲ್ಲದೆ ಹರಟುವವರನ್ನೇ ಹುಡುಕಿ ಕರೆತಂದು, ಅವರಿಗೇ ಬಾಯಿ ಮುಚ್ಚಿ ಅನ್ನುವುದೇ? ಇದು ಊಟಕ್ಕೆ ಕರೆದು ಕೈ ಕಟ್ಟಿ ಕೂರಿಸಿದ ಹಾಗಾಯಿತು.

ಅವಳು ಹಿಂದಕ್ಕೆ ತಿರುಗಿಯೇಬಿಟ್ಟಳು.

"ನೀವು ಬಂದಾಗಿಂದ ಮಾತಾಡ್ತಾನೇ ಇದ್ದೀರಲ್ಲ ಸಾರ್."

"ನಾನು ಪಿಸುಗುಡ್ತಿದೀನಿ, ಅದು ಬೇರೆ."

"ಅವರಿಗೆ ಇದೇ ಪಿಸುಮಾತು. ಹೋದ ವರ್ಷ ಬಾಗಿಲಲ್ಲಿ ತಡೆದ್ರಿ, ಈ ವರ್ಷ ಒಳಗೆ ಕರೆದು ಬೀಗ ಹಾಕ್ತೀರಾ?"

ಅಕ್ಕ ಮೊಣಕೈಯಿಂದ ತಿವಿದಳು. ಸುಮ್ಮನಿರು ಅನ್ನುತ್ತಿದ್ದಾಳೆಂದುಕೊಂಡು ತಂಗಿ ಭುಜ ಕೊಡವಿ ಮಾತು ಮುಂದುವರಿಸಿದಳು. ಅಕ್ಕ ಇನ್ನೊಮ್ಮೆ ತಿವಿದಳು, ಜೋರಾಗಿ. ತಂಗಿ ತಿರುಗಲಿಲ್ಲ. ಟೋಪಿ ಸಾಹೇಬ ರೂಲ್ಸು ವಿವರಿಸುತ್ತಿದ್ದ, ಇವಳು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು.

ಹೊತ್ತು ಮುಗಿಯಿತು. "ಇವತ್ತು ಅದೃಷ್ಟ ಇರ್ಲಿಲ್ಲ, ಏನೂ ಕಾಣಿಸ್ಲಿಲ್ಲ," ಎಂದು ಅವನು ಎಲ್ಲರನ್ನೂ ಗೇಟಿಗೆ ನಡೆಸಿ, ಬ್ಯಾನರಿನ ಕೆಳಗೆ ನಿಲ್ಲಿಸಿ ಮೊಬೈಲ್ ಎತ್ತಿದ.

"ಈಗ ಎಲ್ಲರೂ ಕೈ ಮೇಲೆತ್ತಿ ಆಡಿಸಿ, ಫೋಟೋ ಚೆನ್ನಾಗಿ ಬರುತ್ತೆ."

ತಂಗಿ ಇದನ್ನು ಯಾರಿಗೂ ದಾಟಿಸಲಿಲ್ಲ. ಅಕ್ಕ ತಾನಾಗಿಯೇ ಕೈ ಹೊರತೆಗೆದಳು.

"ನೀರುನಾಯಿ ಬಂದಿತ್ತು," ಎಂದಿತು ಅವಳ ಕೈ. "ಎರಡು ಮರಿ ಕಟ್ಕೊಂಡು, ಕಿಂಡಿ ಕೆಳಗೇ. ಒಂದು ಮರಿ ಬಾಯಲ್ಲಿ ಮೀನಿಟ್ಕೊಂಡು ನನ್ನನ್ನೇ ನೋಡ್ತು."

"ನನಗೆ ಹೇಳೋದಲ್ವಾ ಅಕ್ಕ?"

"ಹೇಗೆ ಹೇಳ್ಲಿ? ಎರಡು ಸಲ ತಿವಿದೆ. ನೀನು ನನ್ನ ಪರ ಜಗಳ ಆಡ್ತಿದ್ದೆ."

ಟೋಪಿ ಸಾಹೇಬನ ಮೇಲಿದ್ದ ಸಿಟ್ಟೆಲ್ಲ ತಿರುಗಿ ತಂಗಿಯನ್ನೇ ಬಡಿಯಿತು. ಹಾಗೆಂದು ಅವನ ಮೇಲಿನದೇನೂ ಕಡಿಮೆಯಾಗಲಿಲ್ಲ.

"ಏನಂತೆ?" ಎಂದ ಟೋಪಿ ಸಾಹೇಬ, ನಗುತ್ತ. "ಖುಷಿಯಾಯ್ತಂತಾ?"

"ನೀರುನಾಯಿ ನೋಡಿದ್ಳಂತೆ ಸಾರ್, ಮರಿಗಳ ಸಮೇತ," ಎಂದಳು ತಂಗಿ. "ನನಗೂ ನಿಮಗೂ ಕಾಣಿಸ್ಲಿಲ್ಲ. ನಾವಿಬ್ಬರೂ ಮಾತಾಡ್ತಿದ್ವಲ್ಲ."